ಕಥೆ ಮುಗಿಸದೆ ಎದ್ದು ಹೋಗಬೇಡಿ

ಧಾರಾವಾಹಿ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಕಳೆದ ತಿಂಗಳು ಬರೆದಿದ್ದೆ. ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಹನ್ನೊಂದು ವರ್ಷ ಧಾರಾವಾಹಿಗಳಿಗೆ ಸಂಭಾಷಣೆ ಬರೆದವಳು ನಾನು. ಆ ಮನೆಯ ಒಳಗಿದ್ದು ಕಂಡದ್ದನ್ನೇ ಹೇಳುತ್ತೇನೆ.

ಪ್ರಶ್ನೆ: ಮರಾಠಿಯಲ್ಲಿ ಒಂದು ವರ್ಷದೊಳಗೆ ಮುಗಿದ ಕಥೆ ನಮ್ಮಲ್ಲಿ ನಾಲ್ಕು ವರ್ಷ ಹತ್ತಿರ ಎಳೆಯುತ್ತದೆ. ಯಾಕೆ ಹೀಗೆ? ನಾಯಕನ ಪಾತ್ರಧಾರಿಯೂ ಮಧ್ಯದಲ್ಲಿ ಬದಲಾದರೆ ನೋಡುವುದಾದರೂ ಹೇಗೆ? — ಮಂಗಳೂರಿನ ಓದುಗರು

‘ಜೊತೆ ಜೊತೆಯಲಿ’ ಬಗ್ಗೆ ಕೇಳುತ್ತಿದ್ದೀರಿ ಅಲ್ವಾ? ಅದರ ಮೂಲ, ಮರಾಠಿಯ ‘ತುಲಾ ಪಾಹತೆ ರೇ’, 2018ರಲ್ಲಿ ಶುರುವಾಗಿ 2019ರಲ್ಲಿ ಮುಗಿಯಿತು. ಕನ್ನಡದ್ದು 2019ರಲ್ಲಿ ಬಂದು 2023ರವರೆಗೆ ನಡೆಯಿತು. ‘ಅಗ್ನಿಸಾಕ್ಷಿ’ 2013ರ ಕೊನೆಯಲ್ಲಿ ಶುರುವಾಗಿ ಆರು ವರ್ಷ ಓಡಿತು.

ಕಾರಣ ತುಂಬಾ ಸರಳ. ಓಡುತ್ತಿರುವ ಧಾರಾವಾಹಿಯನ್ನು ನಿಲ್ಲಿಸಿ ಹೊಸದನ್ನು ತಂದರೆ ಪ್ರೊಮೋ, ಸೆಟ್, ಹೊಸ ಮುಖಗಳು, ಎಲ್ಲದಕ್ಕೂ ಮೊದಲಿನಿಂದ ದುಡ್ಡು ಸುರಿಯಬೇಕು. ಅದನ್ನು ಜನ ನೋಡುತ್ತಾರೆ ಎಂಬ ಖಾತ್ರಿಯೂ ಇಲ್ಲ. ಹಾಗಾಗಿ ಟಿಆರ್‌ಪಿ ಇರುವಷ್ಟು ದಿನ ‘ಇನ್ನೊಂದು ಟ್ರ್ಯಾಕ್ ಹಾಕಿ’ ಎನ್ನುತ್ತಾರೆ. ಬರೆಯುವವರ ಕೈಯಲ್ಲಿದ್ದ ಕಥೆ ಇನ್ನೂರು ಸಂಚಿಕೆಗೇ ಖಾಲಿಯಾಗಿರುತ್ತದೆ. ಆಮೇಲೆ ಬೆಳಿಗ್ಗೆ ಬರೆದ ಸೀನ್ ಪೇಪರ್ ವಾಟ್ಸ್ಆ್ಯಪ್‌ನಲ್ಲಿ ಹೋಗಿ ಮಧ್ಯಾಹ್ನ ಶೂಟ್ ಆಗುತ್ತದೆ. ಕಳೆದುಹೋದ ಮಗು, ನೆನಪು ಕಳೆದುಕೊಂಡ ಗಂಡ, ಒಂದೇ ಮುಖದ ಇಬ್ಬರು, ಎಲ್ಲ ಬರುವುದು ಆ ಅವಸರದಲ್ಲೇ. ನಾನೂ ಬರೆದಿದ್ದೇನೆ. ಬರೆದದ್ದಕ್ಕೆ ಬೇಸರವಿದೆ.

‘ಜೊತೆ ಜೊತೆಯಲಿ’ಯ ನಾಯಕನ ಪಾತ್ರದಿಂದ 2022ರಲ್ಲಿ ಅನಿರುದ್ಧ್ ಹೊರಹೋಗಿ ಹರೀಶ್ ರಾಜ್ ಬಂದರು. ನಟರು ಬದಲಾಗುವುದನ್ನು ಎಷ್ಟೋ ಸಲ ತಪ್ಪಿಸಲು ಆಗುವುದಿಲ್ಲ. ಅಂಥ ಹೊತ್ತಲ್ಲಿ ‘ಇನ್ನು ಮುಂದೆ ಈ ಪಾತ್ರದಲ್ಲಿ ಇವರು’ ಎಂದು ನೋಡುಗರಿಗೆ ನೇರವಾಗಿ ಹೇಳಿದರೆ ಸಾಕು. ನಮ್ಮ ಜನ ಅರ್ಥ ಮಾಡಿಕೊಳ್ಳುತ್ತಾರೆ. ಯಕ್ಷಗಾನದ ಒಂದೇ ಪ್ರಸಂಗದಲ್ಲಿ ಒಂದೇ ಪಾತ್ರವನ್ನು ಇಬ್ಬರು ವೇಷಧಾರಿಗಳು ಹಂಚಿಕೊಂಡು ಮಾಡುವುದನ್ನು ರಾತ್ರಿಯಿಡೀ ಕೂತು ನೋಡಿದವರು ನಿಮ್ಮೂರಿನವರೇ ಅಲ್ವಾ.

ಪ್ರಶ್ನೆ: ಬಿಗ್ ಬಾಸ್ ಶುರುವಾದರೆ ನಮ್ಮ ಧಾರಾವಾಹಿಯ ಹೊತ್ತು ಯಾಕೆ ಬದಲಾಗುತ್ತದೆ? — ಹಾಸನದ ಓದುಗರು

ರಾತ್ರಿ ಒಂಬತ್ತರ ಆಸುಪಾಸು ಜಾಹೀರಾತಿಗೆ ಜಾಸ್ತಿ ದರ ಸಿಗುವ ಹೊತ್ತು. ದೊಡ್ಡ ಶೋಗೆ ಅಲ್ಲಿ ಜಾಗ ಮಾಡಿಕೊಡಲು ಧಾರಾವಾಹಿಯನ್ನು ಹಿಂದಕ್ಕೋ ಮುಂದಕ್ಕೋ ತಳ್ಳುತ್ತಾರೆ. ಸಂಜೆ ಆರಕ್ಕೆ ತಳ್ಳಿದರೆ ಕೆಲಸಕ್ಕೆ ಹೋಗುವ ಹೆಂಗಸರಿಗೆ ಅದು ಸಿಗುವುದೇ ಇಲ್ಲ. ಟಿಆರ್‌ಪಿ ಇಳಿಯುತ್ತದೆ. ಇಳಿಯಿತು ಎಂದು ಧಾರಾವಾಹಿಯನ್ನೇ ನಿಲ್ಲಿಸುತ್ತಾರೆ. ಇದು ಅನ್ಯಾಯ ಎಂದು ಮೀಟಿಂಗ್‌ಗಳಲ್ಲೇ ಹೇಳಿದ್ದೇನೆ.

ಪ್ರಶ್ನೆ: ಹದಿಮೂರು ವಾರದಲ್ಲಿ ಚೊಕ್ಕವಾಗಿ ಮುಗಿಯುವಂಥದ್ದು ಈಗ ಯಾಕಿಲ್ಲ? — ನ್ಯೂಜೆರ್ಸಿಯ ಕನ್ನಡಿಗರು

ಆಗ ದೂರದರ್ಶನ ಹದಿಮೂರು ಸಂಚಿಕೆಯ ಲೆಕ್ಕದಲ್ಲೇ ಒಪ್ಪಿಗೆ ಕೊಡುತ್ತಿತ್ತು. ಬರೆಯುವವನಿಗೆ ಕೊನೆ ಎಲ್ಲಿ ಎಂದು ಮೊದಲ ದಿನವೇ ಗೊತ್ತಿರುತ್ತಿತ್ತು. ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಮಾಡಿದ್ದು ಆ ಕಾಲದಲ್ಲಿ. ದಿನನಿತ್ಯದ ಧಾರಾವಾಹಿಯೇ ಕೆಟ್ಟದ್ದು ಎಂದು ಮಾತ್ರ ನಾನು ಹೇಳುವುದಿಲ್ಲ. 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ ದಿನನಿತ್ಯದ್ದೇ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ್ದು. ಅದರಲ್ಲಿ ಜನ ನಮ್ಮನಿಮ್ಮ ಮನೆಯವರ ಹಾಗೆ ಮಾತಾಡುತ್ತಿದ್ದರು. 2022ರಲ್ಲಿ ಸಿರಿ ಕನ್ನಡದಲ್ಲಿ ‘ಮತ್ತೆ ಮಾಯಾಮೃಗ’ ಶುರುವಾಯಿತು. ಇಪ್ಪತ್ತು ವರ್ಷ ದಾಟಿದ ಮೇಲೂ ಆ ಮನೆಯವರು ಈಗ ಹೇಗಿದ್ದಾರೆ ಎಂದು ತಿಳಿಯುವ ಆಸೆ ಜನರಲ್ಲಿ ಉಳಿದಿತ್ತು.

ಪ್ರಶ್ನೆ: ನಮ್ಮ ಅಮ್ಮನಿಗೆ 76 ವರ್ಷ. ಸಂಜೆ ಆರೂವರೆಯ ಧಾರಾವಾಹಿಯೊಂದನ್ನು ಮೂರು ವರ್ಷ ಒಂದು ದಿನವೂ ಬಿಡದೆ ನೋಡಿದರು. ಒಂದು ಸೋಮವಾರ ಆ ಹೊತ್ತಿಗೆ ಬೇರೆ ಯಾವುದೋ ಶುರುವಾಯಿತು. ಶುಕ್ರವಾರ ನಾಯಕಿ ಆಸ್ಪತ್ರೆಯಲ್ಲಿದ್ದಳು. ‘ಆ ಹುಡುಗಿಗೆ ಏನಾಯ್ತೋ’ ಎಂದು ಅಮ್ಮ ಈಗಲೂ ಕೇಳುತ್ತಾರೆ. ಚಾನೆಲ್‌ನವರು ಹೀಗೆ ಮಾಡಬಹುದಾ? — ತಿಪಟೂರಿನ ಓದುಗರು

ಮಾಡಬಾರದು. ಆದರೆ ಮಾಡುತ್ತಾರೆ.

ನಾನು ಬರೆಯುತ್ತಿದ್ದ ಒಂದು ಧಾರಾವಾಹಿಯಲ್ಲಿ ಒಬ್ಬಳು ಅಜ್ಜಿ ಇದ್ದಳು. ಅವಳ ಮಗ ಇಪ್ಪತ್ತು ವರ್ಷದ ಹಿಂದೆ ಮನೆ ಬಿಟ್ಟು ಹೋಗಿದ್ದ. ಅವನ ಊಟದ ತಟ್ಟೆಯನ್ನು ಅಜ್ಜಿ ದಿನಾ ತೊಳೆದು ಗೂಡಿನಲ್ಲಿ ಬೋರಲು ಹಾಕಿ ಇಡುತ್ತಿದ್ದಳು. ಬೇರೆ ಯಾರಿಗೂ ಅದರಲ್ಲಿ ಬಡಿಸುತ್ತಿರಲಿಲ್ಲ. ನಾನೂರು ಸಂಚಿಕೆ ಆ ತಟ್ಟೆ ಹಾಗೇ ಇತ್ತು. ಒಂದು ಬುಧವಾರ ಮಧ್ಯಾಹ್ನ ಚಾನೆಲ್‌ನಿಂದ ಫೋನ್ ಬಂತು. ‘ಹನ್ನೆರಡು ಎಪಿಸೋಡಲ್ಲಿ ಮುಗಿಸಿಬಿಡಿ ಮೇಡಂ.’ ಮರುದಿನ ಹನ್ನೆರಡು ಹೋಗಿ ಎಂಟಾಯಿತು.

ನಾಯಕ–ನಾಯಕಿಯ ಜಗಳ ಬಿಡಿಸಿ ಒಂದು ಮಾಡಲು ಏಳು ಬೇಕಾಯಿತು. ಉಳಿದ ಒಂದರಲ್ಲಿ ಅಜ್ಜಿಗೆ ಅರ್ಧ ಪುಟ ಬರೆದೆ. ಗೇಟಿನ ಸದ್ದಾಗುತ್ತದೆ. ಅಜ್ಜಿ ಯಾರು ಎಂದು ಕೇಳುವುದಿಲ್ಲ. ಗೂಡಿನ ಹತ್ತಿರ ಹೋಗಿ ತಟ್ಟೆಯನ್ನು ಮಗುಚಿ ಇಡುತ್ತಾಳೆ. ಅಷ್ಟೇ, ಮಾತಿಲ್ಲ. ಶೂಟ್ ಕೂಡ ಆಯಿತು. ಎಡಿಟಿಂಗ್‌ನಲ್ಲಿ ಸಂಚಿಕೆ ಎರಡು ನಿಮಿಷ ಉದ್ದವಾಯಿತೆಂದು ಅದನ್ನೇ ತೆಗೆದರು. ಅಜ್ಜಿಯ ಪಾತ್ರ ಮಾಡಿದ ಹಿರಿಯ ಕಲಾವಿದೆ ಆಮೇಲೊಂದು ದಿನ ಸಿಕ್ಕಿ, ‘ಮಗ ಬಂದದ್ದು ಜನಕ್ಕೆ ಗೊತ್ತಾಗಲೇ ಇಲ್ವಲ್ಲಮ್ಮಾ’ ಎಂದರು. ಅವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ನಿರ್ಧಾರ ಆಗುವುದು ಅಂಕಿಯ ಮೇಲೆ. ಟಿವಿ ನೋಡುವವರ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆ ದೇಶದಲ್ಲೆಲ್ಲ ಸೇರಿ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟಿದೆ. ಯಾರು ನೋಡುತ್ತಿದ್ದಾರೆ ಎಂದು ತಿಳಿಸಲು ಆ ಮನೆಯವರು ತಮ್ಮ ತಮ್ಮ ಬಟನ್ ಒತ್ತಬೇಕು. ಆ ಲೆಕ್ಕ ವಾರಕ್ಕೊಮ್ಮೆ ಗುರುವಾರ ಬರುತ್ತದೆ. ಗುರುವಾರ ಬೆಳಿಗ್ಗೆ ನಮ್ಮ ಶೂಟಿಂಗ್ ಮನೆಯಲ್ಲಿ ಕಾಫಿ ಕುಡಿಯುವವರೂ ಮಾತಾಡುತ್ತಿರಲಿಲ್ಲ. ನಿಮ್ಮ ಅಮ್ಮನ ಮನೆಯಲ್ಲಿ ಮೀಟರ್ ಇಲ್ಲದಿದ್ದರೆ ಅವರು ನೋಡಿದ ಮೂರು ವರ್ಷ ಆ ಲೆಕ್ಕಕ್ಕೆ ನೇರವಾಗಿ ಸೇರುವುದೇ ಇಲ್ಲ.

2020ರಲ್ಲಿ ಲಾಕ್‌ಡೌನ್ ಬಂದು ಶೂಟಿಂಗ್ ನಿಂತಾಗ ಎಲ್ಲರಿಗೂ ಕಷ್ಟವಾಯಿತು. ಮತ್ತೆ ಶುರುವಾದಾಗ ಕೆಲವು ಧಾರಾವಾಹಿ ಮರಳಲೇ ಇಲ್ಲ. ಸೀತಾರಾಮ್ ಅವರ ‘ಮಗಳು ಜಾನಕಿ’ ಅದರಲ್ಲೊಂದು. ಅಂಥ ಕಾಲದಲ್ಲಿ ಚಾನೆಲ್‌ಗೂ ದಾರಿ ಇರಲಿಲ್ಲ ಎಂದು ಒಪ್ಪುತ್ತೇನೆ. ನಷ್ಟದಲ್ಲಿ ನಡೆಸಿ ಎಂದು ನಾನು ಯಾವ ಕಾಲಕ್ಕೂ ಹೇಳುವುದಿಲ್ಲ. ನಿಲ್ಲಿಸಲಿ. ಎರಡು ವಾರ ಮೊದಲು ತೆರೆಯ ಕೆಳಗೆ ಒಂದು ಸಾಲು ಹಾಕಲಿ. ಕಥೆ ಮುಗಿಸಲು ಬರೆಯುವವರಿಗೆ ಬೇಕಾದಷ್ಟು ಸಂಚಿಕೆ ಕೊಡಲಿ. ಹೊಸ ಧಾರಾವಾಹಿಯ ಪ್ರೊಮೋವನ್ನು ದಿನಕ್ಕೆ ಹತ್ತಾರು ಸಲ ಹಾಕುವವರಿಗೆ ಇದು ಭಾರವೇ?

ಕಾನೂನಿನಿಂದ ಜಾಸ್ತಿ ಆಗುವುದಿಲ್ಲ. 2021ರ ನಿಯಮದಂತೆ ದೂರು ಕೊಟ್ಟರೆ ಚಾನೆಲ್ 15 ದಿನದಲ್ಲಿ ತೀರ್ಮಾನ ತಿಳಿಸಬೇಕು. ಆದರೆ ಅದು ತೋರಿಸಬಾರದ್ದನ್ನು ತೋರಿಸಿದರೆ ಮಾತ್ರ. ಕಥೆಯನ್ನು ಅರ್ಧಕ್ಕೆ ಬಿಟ್ಟರೆ ಅಲ್ಲಿ ಜಾಗವಿಲ್ಲ. ಆದರೂ ಸುಮ್ನೆ ಕೂರಬೇಡಿ. ಧಾರಾವಾಹಿಯ ಹೆಸರು, ಕೊನೆಯ ಸಂಚಿಕೆ ಬಂದ ತಾರೀಖು ಬರೆದು ಚಾನೆಲ್‌ಗೆ ಒಂದು ಪತ್ರ ಹಾಕಿ. ಅಮ್ಮನೇ ಕೈಯಾರೆ ಬರೆದರೆ ಇನ್ನೂ ಒಳ್ಳೆಯದು. ನಮ್ಮ ಆಫೀಸಿಗೆ ಅಂಥದ್ದೊಂದು ಇನ್‌ಲ್ಯಾಂಡ್ ಲೆಟರ್ ಬಂದಾಗ ಎಲ್ಲರೂ ಕೈಯಿಂದ ಕೈಗೆ ಕೊಟ್ಟು ಓದಿದ್ದೆವು.

ಅದೇ ಹೆಸರು, ತಾರೀಖನ್ನು ನನಗೂ ಕಳಿಸಿ. ಅದನ್ನು ಬರೆಯುತ್ತಿದ್ದವರು ಯಾರು ಎಂದು ಹುಡುಕುತ್ತೇನೆ. ಆ ಹುಡುಗಿಗೆ ಮುಂದೆ ಏನಾಗಬೇಕು ಎಂದು ಅವರು ಯೋಚಿಸಿಯೇ ಇರುತ್ತಾರೆ. ಕೇಳಿ ತಿಳಿದು, ಅಮ್ಮನ ಹೆಸರಿಗೇ ಪತ್ರ ಬರೆಯುತ್ತೇನೆ. ಅಕ್ಷರ ದಪ್ಪಗೆ ಬರೆಯಬೇಕಾದರೆ ತಿಳಿಸಿ.