ಡೆನೀಸ್‌ಗಾಗಿ ‘ಎ ಡಿಫರೆಂಟ್ ವರ್ಲ್ಡ್’ ನೋಡಬೇಡಿ

‘ಎ ಡಿಫರೆಂಟ್ ವರ್ಲ್ಡ್’ ಹಿಲ್‌ಮನ್ ಅನ್ನೋ ಕಾಲೇಜಿನ ಹುಡುಗ ಹುಡುಗಿಯರ ಬಗೆಗಿನ ಅಮೆರಿಕದ ಟಿವಿ ಹಾಸ್ಯ ಸರಣಿ; ‘ದ ಕಾಸ್ಬಿ ಶೋ’ ಮನೆಯ ಮಗಳು ಡೆನೀಸ್ ಅಲ್ಲಿಗೆ ಓದೋಕೆ ಬರುತ್ತಾಳೆ. ನಾನೂ ಡೆನೀಸ್ ಇದ್ದಾಳೆ ಅಂತಲೇ ಇದನ್ನು ಶುರು ಮಾಡಿದ್ದು, ಹಾಗಾಗಿ ನಿಮ್ಮ ಬೇಜಾರು ಅರ್ಥವಾಗುತ್ತೆ. ಮೊದಲ ಸೀಸನ್ ಎಳೀತಿದೆ, ಮೂಲ ಸರಣಿ ‘ದ ಕಾಸ್ಬಿ ಶೋ’ ಪೂರ್ತಿ ನೋಡಿ ಬರಬೇಕಿತ್ತಾ ಅಂತ ಕೇಳಿದ್ದೀರಿ. ಬೇಕಿಲ್ಲ. ತೀರಾ ಕುತೂಹಲ ಇದ್ದರೆ ಅದರ ಮೂರನೇ ಸೀಸನ್‌ನ ಕೊನೆಯ ಕಂತು ‘ಹಿಲ್‌ಮನ್’ ಒಂದನ್ನು ನೋಡಿ, ಕಾಲೇಜಿನ ಪರಿಚಯಕ್ಕೆ ಅಷ್ಟು ಸಾಕು.

ಎಡವಟ್ಟು ಆಗಿರೋದು ಬೇರೆ ಕಡೆ. ಇದು ಡೆನೀಸ್ ದೊಡ್ಡವಳಾಗುವ ಕಥೆ ಅಂತ ನೀವು ಅಂದುಕೊಂಡಿದ್ದೀರಿ. 1987ರಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಇದನ್ನು ಶುರು ಮಾಡಿದವರೂ ಹಾಗೇ ಅಂದುಕೊಂಡಿದ್ದರು. ‘ದ ಕಾಸ್ಬಿ ಶೋ’ದ ಮನೆಯಲ್ಲಿ ಡೆನೀಸ್ ಚೆನ್ನಾಗಿದ್ದಳು, ಯಾಕೆಂದರೆ ಶಿಸ್ತಿನ ಅಪ್ಪ ಅಮ್ಮನ ನಡುವೆ ಅವಳೊಬ್ಬಳೇ ವಿಚಿತ್ರ ಬಟ್ಟೆ ಹಾಕಿಕೊಂಡು ತನ್ನದೇ ಲೋಕದಲ್ಲಿರೋಳು. ಹಾಸ್ಟೆಲ್‌ನಲ್ಲಿ ಎಲ್ಲರೂ ಒಂದೊಂದು ಥರ; ಅಲ್ಲಿ ಅವಳ ವಿಚಿತ್ರಕ್ಕೆ ಬೆಲೆ ಇಲ್ಲ. ಕೈಯಲ್ಲಿ ಕಾಸಿಲ್ಲ, ಮಾರ್ಕ್ಸ್ ಬರ್ತಿಲ್ಲ ಅಂತ ಕಂತು ಕಟ್ಟುತ್ತಾರೆ. ಆದರೆ ಅಪ್ಪ ಡಾಕ್ಟರ್, ಅಮ್ಮ ಲಾಯರ್, ಬ್ರೂಕ್ಲಿನ್‌ನಲ್ಲಿ ದೊಡ್ಡ ಮನೆ. ಇವಳಿಗೆ ನಿಜವಾಗಿ ಏನೂ ಆಗಲ್ಲ ಅಂತ ನೋಡುವವರಿಗೆ ಗೊತ್ತು. ಪಕ್ಕದಲ್ಲೇ ಡೈವೋರ್ಸ್ ಆಗಿ 26ನೇ ವಯಸ್ಸಿಗೆ ಮತ್ತೆ ಓದೋಕೆ ಬಂದ ರೂಮ್‌ಮೇಟ್ ಜಲೀಸಾ ಇದ್ದಾಳೆ. ಕಥೆ ಇರೋದು ಅವಳ ಹತ್ತಿರ, ಕ್ಯಾಮೆರಾ ಇರೋದು ಡೆನೀಸ್ ಮೇಲೆ.

ಡೆನೀಸ್ ಪಾತ್ರದ ಲಿಸಾ ಬೋನೆ ಗರ್ಭಿಣಿಯಾಗಿ ಒಂದೇ ಸೀಸನ್‌ಗೆ ಹೊರಟರು. ಸರಣಿಗೆ ಜೀವ ಬಂದಿದ್ದು ಆಮೇಲೆ. ಎರಡನೇ ಸೀಸನ್‌ನಿಂದ ನಿರ್ಮಾಣ, ನಿರ್ದೇಶನ ಎರಡನ್ನೂ ಡೆಬ್ಬಿ ಆಲನ್ ಹಿಡಿದರು. ಅವರು ಸ್ವತಃ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಬರಹಗಾರರನ್ನು ಅಟ್ಲಾಂಟಾದ ಸ್ಪೆಲ್‌ಮನ್, ಮೋರ್‌ಹೌಸ್ ಕಾಲೇಜುಗಳಿಗೆ ಕರೆದುಕೊಂಡು ಹೋಗಿ ಅಲ್ಲಿನ ಹುಡುಗ ಹುಡುಗಿಯರ ಜೊತೆ ಮಾತಾಡಿಸಿದರು. ಹಿಲ್‌ಮನ್ ಕಲ್ಪನೆಯ ಕಾಲೇಜು, ಆದರೆ ಇವು ನಿಜವಾದವು: ಕರಿಯ ವಿದ್ಯಾರ್ಥಿಗಳನ್ನು ಬೇರೆಡೆ ಸೇರಿಸಿಕೊಳ್ಳದ ಕಾಲದಲ್ಲಿ ಅವರಿಗಾಗಿಯೇ ಎದ್ದ ಸಂಸ್ಥೆಗಳು. ಹೋವರ್ಡ್ 1867ರದ್ದು, ಸ್ಪೆಲ್‌ಮನ್ 1881ರದ್ದು. ಮೊದಲ ಸೀಸನ್ ನೋಡಿದರೆ ಇದರ ಸುಳಿವೇ ಸಿಗಲ್ಲ, ಅಮೆರಿಕದ ಯಾವ ಕಾಲೇಜಾದರೂ ಆಗಬಹುದಿತ್ತು.

ನಿಮಗೆ ಬೇಕಾದ ‘ಹುಡುಗಿ ದೊಡ್ಡವಳಾಗುವ ಕಥೆ’ ಹಿಲ್‌ಮನ್‌ನ ಇನ್ನೊಬ್ಬ ವಿದ್ಯಾರ್ಥಿನಿ ವಿಟ್ಲಿಯದ್ದು. ವರ್ಜೀನಿಯಾದ ರಿಚ್‌ಮಂಡ್‌ನ ಜಡ್ಜ್ ಮಗಳು, ವಿಪರೀತ ಜಂಬ, ಗಂಡ ಸಿಕ್ಕರೆ ಡಿಗ್ರಿ ಸಾರ್ಥಕ ಅನ್ನೋ ಮನಸ್ಸು. ಅಂಥವಳು ಕೆಲಸಕ್ಕೆ ಸೇರಿ, ಬಾಸ್ ಮುಂದೆ ನಿಂತು, ಹಣದ ಬೆಲೆ ಕಲಿಯೋದನ್ನು ಐದು ಸೀಸನ್ ನಿಧಾನವಾಗಿ ತೋರಿಸುತ್ತಾರೆ. ಕಳಚೋಕೆ ಅವಳ ಹತ್ತಿರ ಜಂಬವಾದರೂ ಇತ್ತು. ಡೆನೀಸ್‌ಗೆ ಅದೂ ಇರಲಿಲ್ಲ.

ಆದ್ದರಿಂದ ಮೊದಲ 22 ಕಂತು ಬಿಟ್ಟು ನೇರ ಎರಡನೇ ಸೀಸನ್‌ಗೆ ಹೋಗಿ. ಮುಂದೆ ಇನ್ನೂ 122 ಕಂತು ಇವೆ, ಒಂದೊಂದೂ ಅರ್ಧ ಗಂಟೆಗಿಂತ ಕಡಿಮೆ. ಎಲ್ಲಿದ್ದೀರಿ ಅಂತ ಗೊಂದಲವಾದರೆ ಶೀರ್ಷಿಕೆ ಹಾಡು ಕೇಳಿ: ಫೀಬಿ ಸ್ನೋ ಹಾಡುತ್ತಿದ್ದರೆ ಇನ್ನೂ ಮೊದಲ ಸೀಸನ್ನೇ, ಅರೀಥಾ ಫ್ರಾಂಕ್ಲಿನ್ ದನಿ ಬಂದರೆ ಸರಿ ಜಾಗ. ವಿಟ್ಲಿಯ, ಅಮೆರಿಕದ ದಕ್ಷಿಣ ರಾಜ್ಯಗಳ ರಾಗದ ಇಂಗ್ಲಿಷ್ ಮೊದಮೊದಲು ಕಿವಿಗೆ ಸಿಗಲ್ಲ, ಸಬ್‌ಟೈಟಲ್ ಹಾಕಿಕೊಳ್ಳಿ. ನಾಲ್ಕನೇ ಸೀಸನ್‌ನಲ್ಲಿ ಏಡ್ಸ್ ಬಗೆಗಿನ ಕಂತು ಬರುತ್ತೆ, 1991ರದ್ದು, ನಟಿ ವೂಪಿ ಗೋಲ್ಡ್‌ಬರ್ಗ್ ಪ್ರೊಫೆಸರ್ ಪಾತ್ರದಲ್ಲಿ. ಅದನ್ನು ಊಟ ಮಾಡ್ತಾ ನೋಡಬೇಡಿ, ಪೂರ್ತಿ ಗಮನ ಕೊಟ್ಟು ನೋಡಿ. ಐದನೇ ಸೀಸನ್‌ನ ಕೊನೆಯಲ್ಲಿ ಒಂದು ಮದುವೆ ಇದೆ. ಅದರ ತುಣುಕು ಎಲ್ಲ ಕಡೆ ಓಡಾಡುತ್ತಿರುತ್ತೆ, ಅಲ್ಲಿಗೆ ತಲುಪೋವರೆಗೂ ಯೂಟ್ಯೂಬ್‌ನಲ್ಲಿ ಸರಣಿಯ ಹೆಸರು ಹುಡುಕೋಕೆ ಹೋಗಬೇಡಿ.