‘ನಿಮ್ಮ ಜನರ ಸೇವೆ ಮಾಡು’ ಅನ್ನುವ ಭಾರ

ಅವರನ್ನು ಮಂಜುಳಾ ಎಂದು ಕರೆಯೋಣ. ವಯಸ್ಸು 23, ಎಂ.ಎಸ್ಸಿ. ಮನೋವಿಜ್ಞಾನದ ಎರಡನೇ ವರ್ಷ. ಊರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ, ಓದು ದಾವಣಗೆರೆಯಲ್ಲಿ, ಇರುವುದು ಸರ್ಕಾರಿ ಹಾಸ್ಟೆಲ್‌ನಲ್ಲಿ. ಪರಿಶಿಷ್ಟ ಜಾತಿಯ ಕುಟುಂಬ. ಮನೆಯಲ್ಲಿ ಡಿಗ್ರಿ ದಾಟಿದವರು ಇವರೊಬ್ಬರೇ. ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಸಮಾಲೋಚನೆಗೆಂದು ನನ್ನ ಬಳಿ ಬಂದಾಗ ಹೇಳಿದ್ದು ಇಷ್ಟು. ರಾತ್ರಿ ನಿದ್ದೆ ಇಲ್ಲ. ಸೆಮಿನಾರ್ ಇರುವ ದಿನ ಬೆಳಿಗ್ಗೆಯೇ ಹೊಟ್ಟೆನೋವು. ಪ್ರಾಜೆಕ್ಟ್ ಕೆಲಸ ಮುಟ್ಟಿ ಎರಡು ತಿಂಗಳಾಗಿದೆ. “ನನಗೆ ಕಾನ್ಫಿಡೆನ್ಸ್ ಕಮ್ಮಿ ಮೇಡಂ, ಅದೊಂದನ್ನ ಸರಿ ಮಾಡಿ ಸಾಕು.” ಮನೋವಿಜ್ಞಾನ ಓದುವವರು ಎಷ್ಟೋ ಸಲ ಹೀಗೆ ತಮ್ಮ ಕಷ್ಟಕ್ಕೆ ತಾವೇ ಒಂದು ಹೆಸರಿಟ್ಟುಕೊಂಡು ಬರುತ್ತಾರೆ. ಹೆಸರನ್ನು ಪಕ್ಕಕ್ಕಿಟ್ಟು, ಏನಾಯ್ತು ಹೇಳಿ ಎಂದೆ.

ತರಗತಿಯಲ್ಲಿ ಒಬ್ಬರು ಕೇಸ್ ಮಂಡಿಸುತ್ತಿದ್ದರು. ಹಳ್ಳಿಯ ಹೆಂಗಸು, ಮೈಮೇಲೆ ಅಮ್ಮ ಬರುತ್ತಾಳೆ. ಹಿಂದಿನ ಬೆಂಚಿನಿಂದ ನಗು. ಒಬ್ಬ ಹುಡುಗ ತಿರುಗಿ, “ನಿಮ್ಮ ಕಡೆ ಇದೆಲ್ಲ ಜಾಸ್ತಿ ಅಲ್ವಾ?” ಎಂದ. ಮಂಜುಳಾ ಅವರ ಅಜ್ಜಿಗೆ ಮಾರಮ್ಮನ ಜಾತ್ರೆಯಲ್ಲಿ ದೇವರು ಬರುತ್ತದೆ. ಉಳಿದ ದಿನ ಅಜ್ಜಿ ಎಮ್ಮೆ ಕಟ್ಟಿ, ಹಾಲು ಮಾರಿ, ಸಂಘದ ಸಾಲದ ಲೆಕ್ಕ ಬಾಯಲ್ಲೇ ಒಪ್ಪಿಸುವ ಗಟ್ಟಿ ಹೆಂಗಸು. ಮೇಷ್ಟ್ರು ಆ ಮಾತನ್ನು ಕೇಳಿಸಿಕೊಂಡರೂ ಪಾಠ ಮುಂದುವರಿಸಿದರು. ಹೊಟ್ಟೆನೋವು ಶುರುವಾದದ್ದು ಅದರ ಮುಂದಿನ ವಾರದಿಂದ.

ಆಮೇಲೆ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಬೆಂಗಳೂರಿನ ಖಾಸಗಿ ಕೇಂದ್ರವೊಂದರಲ್ಲಿ ಇಂಟರ್ನ್‌ಶಿಪ್. ಸಂಬಳ ಇಲ್ಲ, ಬದಲಿಗೆ ಇವರೇ ಫೀಸು ಕಟ್ಟಬೇಕು. ಪಿಜಿ ಬಾಡಿಗೆ, ಊಟ, ಬಸ್ಸು, ಫೀಸು ಎಲ್ಲ ಸಾಲಾಗಿ ಬರೆದಿದ್ದರು. ಕೆಳಗೆ ‘ಅಪ್ಪನ ಮೆಕ್ಕೆಜೋಳ’ ಎಂದು ಬರೆದು, ಅದರ ಮುಂದೆ ಬರೀ ಪ್ರಶ್ನಾರ್ಥಕ ಚಿಹ್ನೆ. ಜೊತೆಯವರು ನಾಲ್ಕು ಜನ ಆಗಲೇ ಹೋಗಿ ಸರ್ಟಿಫಿಕೇಟ್ ತಂದಿದ್ದರು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಅವರು ಮಾತಾಡಿದ್ದು ಮೂರನೆಯ ಸಂಗತಿಯ ಬಗ್ಗೆ. ಕ್ಷೇತ್ರಕಾರ್ಯ ಹಂಚುವಾಗ ಕೇರಿ, ಹಟ್ಟಿಯ ಕೆಲಸವೆಲ್ಲ ಇವರಿಗೇ. “ನಿನಗೆ ಅವರ ಭಾಷೆ ಬರುತ್ತೆ” ಅನ್ನುವುದು ಕಾರಣ. ಆಸ್ಪತ್ರೆಯ ಪೋಸ್ಟಿಂಗ್ ಬೇರೆಯವರಿಗೆ. “ನೀನು ಓದಿ ನಿಮ್ಮ ಜನರ ಸೇವೆ ಮಾಡ್ಬೇಕಮ್ಮ” ಎಂದು ಒಳ್ಳೆಯ ಮನಸ್ಸಿನಿಂದಲೇ ಎಲ್ಲರೂ ಹೇಳುತ್ತಾರೆ. ಮಂಜುಳಾ ತಲೆ ತಗ್ಗಿಸಿ ಕೇಳಿದರು: “ನಾನೂ ಬೆಂಗಳೂರಲ್ಲಿ ಕ್ಲಿನಿಕ್ ಹಾಕಿ ನಾಲ್ಕು ಕಾಸು ನೋಡ್ಬೇಕು ಅಂದ್ಕೊಂಡ್ರೆ ತಪ್ಪಾ ಮೇಡಂ?”

ತಪ್ಪೇನಿಲ್ಲ ಎಂದೆ. ಅನ್ಯಾಯ ಉಂಡವರೇ ಅದನ್ನು ಸರಿಪಡಿಸುವ ಕೆಲಸವನ್ನೂ ಹೊರಬೇಕು ಅನ್ನುವುದು ಇನ್ನೊಂದು ಅನ್ಯಾಯ. ಅವರ ಪಕ್ಕದಲ್ಲಿ ಕೂತ ಅನುಕೂಲಸ್ಥರ ಮಗನಿಗೆ ಯಾರೂ ‘ನಿಮ್ಮ ಜನರ ಸೇವೆ ಮಾಡು’ ಎನ್ನುವುದಿಲ್ಲ. ಹಳ್ಳಿಯಲ್ಲಿ ಕೆಲಸ ಮಾಡುವುದು ಇಬ್ಬರಿಗೂ ಆಯ್ಕೆ ಆಗಿರಬೇಕು.

ಖಿನ್ನತೆ ಇದೆಯಾ ನೋಡಿದೆ. ಸಾಯುವ ಯೋಚನೆ ಬರುತ್ತದಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಊಟ, ಗೆಳತಿಯರ ಒಡನಾಟ, ಊರಿಗೆ ಫೋನು ಎಲ್ಲ ಮೊದಲಿನಂತೆಯೇ ಇತ್ತು. ಇದು ರೋಗವಲ್ಲ, ಅವಮಾನ ಮತ್ತು ದುಡ್ಡಿನ ಚಿಂತೆ ದೇಹಕ್ಕೆ ಇಳಿದಿದೆ ಎಂದು ಅವರಿಗೆ ಬಿಡಿಸಿ ಹೇಳಿದೆ. ನಿದ್ದೆಗೆ ಬೇಕಾದ ಒಂದೆರಡು ಅಭ್ಯಾಸ ಕೊಟ್ಟೆ. ಆದರೆ ಉಸಿರಾಟದ ಅಭ್ಯಾಸದಿಂದ ಇಂಟರ್ನ್‌ಶಿಪ್ ಫೀಸು ಹುಟ್ಟುವುದಿಲ್ಲ. ಉಳಿದ ಭೇಟಿಗಳನ್ನು ನಾವು ಹೆಚ್ಚಾಗಿ ಕಾಗದ, ಪೆನ್ನು ಹಿಡಿದೇ ಕಳೆದೆವು.

ಸೆಮಿನಾರ್ ವಿಷಯಕ್ಕೆ ಅವರ ಓದಿನಲ್ಲೇ ಉತ್ತರವಿತ್ತು. ಕಾಯಿಲೆ ಗುರುತಿಸಲು ಬಳಸುವ ಕೈಪಿಡಿಗಳಾದ ಐಸಿಡಿ ಇರಲಿ, ಡಿಎಸ್‌ಎಂ ಇರಲಿ, ಒಂದು ಸಮುದಾಯ ಒಪ್ಪಿಕೊಂಡ ಆಚರಣೆಯ ಭಾಗವಾಗಿ ದೇವರು ಮೈಮೇಲೆ ಬಂದರೆ ಅದನ್ನು ಕಾಯಿಲೆ ಎನ್ನುವುದಿಲ್ಲ. ಬೇಡವೆಂದರೂ ಬಂದು, ಬದುಕಿಗೆ ಅಡ್ಡಿಯಾದರೆ ಮಾತು ಬೇರೆ. ಬೇಕಿದ್ದರೆ ಇದನ್ನೇ ನಿಮ್ಮ ಸರದಿಯ ಸೆಮಿನಾರ್ ಮಾಡಿ, ಬೇಡವಾದರೆ ಬಿಡಿ, ಅಜ್ಜಿಯ ಪರ ವಾದ ಮಾಡಲೇಬೇಕು ಅಂತಿಲ್ಲ ಎಂದೆ. ದೂರು ಕೊಡುವ ದಾರಿಯನ್ನೂ ವಿವರಿಸಿದೆ. ಜಾತಿ ತಾರತಮ್ಯದ ವಿರುದ್ಧ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2012ರಲ್ಲೇ ನಿಯಮ ತಂದಿದೆ. ದೂರು ಕೇಳಲು ಕಾಲೇಜಿನಲ್ಲಿ ಒಬ್ಬ ಅಧಿಕಾರಿ ಇರಬೇಕು. ಮಂಜುಳಾ ದೂರು ಬೇಡವೆಂದರು, ಇಂಟರ್ನಲ್ ಮಾರ್ಕ್ಸ್ ಭಯ. ಆ ಭಯ ಸುಮ್ನೆ ಹುಟ್ಟಿದ್ದಲ್ಲ, ಹಾಗಾಗಿ ನಾನು ಒತ್ತಾಯ ಮಾಡಲಿಲ್ಲ. ನಡೆದದ್ದನ್ನೆಲ್ಲ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ, ಮುಂದೆ ಮನಸ್ಸು ಬದಲಾದರೆ ಬೇಕಾಗುತ್ತದೆ ಎಂದೆ. ಪೋಸ್ಟಿಂಗ್ ಎಲ್ಲರಿಗೂ ಸರದಿ ಪ್ರಕಾರ ಸಿಗಲಿ ಎಂದು ಗೈಡ್ ಬಳಿ ಕೇಳಲು ಮಾತ್ರ ಒಪ್ಪಿದರು. ಏನು ಹೇಳಬೇಕು ಎಂದು ನನ್ನೆದುರೇ ಹೇಳಿ ನೋಡಿದರು. ಮೊದಲ ಸಲ ಮೂರು ಬಾರಿ “ಸಾರಿ ಸರ್” ಬಂತು. ಅದನ್ನು ತೆಗೆಸಿದೆ.

ಕೆಲಸದ ದಾರಿಯ ಬಗ್ಗೆ ಅವರಿಗೆ ಸಿಕ್ಕಿದ್ದ ಮಾಹಿತಿ ಅರೆಬರೆ. ಬರೀ ಎಂ.ಎಸ್ಸಿ. ಆದವರು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕುವಂತಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ, ನೋಂದಣಿ ಎರಡೂ ಬೇಕು. ಕೋರ್ಸುಗಳ ಸ್ವರೂಪ ಈಗ ಬದಲಾಗುತ್ತಿದೆ. ಪರಿಷತ್ತಿನ ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿಯೇ ಅರ್ಜಿ ಹಾಕಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎರಡೂ ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆಗಳು, ಮೀಸಲಾತಿ ಇದೆ. ಖಾಸಗಿ ಕೇಂದ್ರದ ಫೀಸಿಗೆ ಸಾಲ ಮಾಡುವ ಮೊದಲು ಆ ಪ್ರವೇಶ ಪರೀಕ್ಷೆಗಳಿಗೆ ಓದಿ ಎಂದೆ. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ನೆಟ್, ಕೆ-ಸೆಟ್ ಅರ್ಹತಾ ಪರೀಕ್ಷೆಗಳಿವೆ.

ಅನುಭವಕ್ಕೆ ಬೆಂಗಳೂರೇ ಆಗಬೇಕೆಂದಿಲ್ಲ. ದಾವಣಗೆರೆಯಲ್ಲೇ ಮೆಡಿಕಲ್ ಕಾಲೇಜುಗಳಿವೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ. “ಅದು ಬರೀ ಜಿಲ್ಲಾ ಮಟ್ಟದ್ದು ಅಂತಾರೆ ಮೇಡಂ” ಎಂದರು. ಆಗ ಹತ್ತಿರದ ಬಳ್ಳಾರಿಯ ಕಥೆ ಹೇಳಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸಿ ನೋಡಿದರು. 1996ರಲ್ಲಿ ಶುರುವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿ. ಮಂಜುಳಾ ಎರಡು ವರ್ಷ ಓದಿದ್ದರೂ ಇದನ್ನು ಕೇಳಿರಲಿಲ್ಲ. ನಮ್ಮ ಭಾಗದ ಪಠ್ಯದಲ್ಲಿ ಇದು ಮೊದಲ ವಾರವೇ ಬರಬೇಕು ಅನ್ನುವುದು ನನ್ನ ಅಭಿಪ್ರಾಯ.

ಈಗ ಅವರು ವಾರಕ್ಕೆ ಎರಡು ದಿನ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗುತ್ತಿದ್ದಾರೆ, ಫೀಸು ಇಲ್ಲ. ಗೈಡ್ ಪೋಸ್ಟಿಂಗ್ ಬದಲಿಸಿದರು. ಆ ಹುಡುಗನ ಮಾತಿನ ಬಗ್ಗೆ ಯಾರೂ ಏನೂ ಮಾಡಿಲ್ಲ. ಹೊಟ್ಟೆನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಊರೋ ಬೆಂಗಳೂರೋ ಎಂದು ಅವರಿನ್ನೂ ತೀರ್ಮಾನಿಸಿಲ್ಲ, ನಾನೂ ಅವಸರ ಮಾಡುತ್ತಿಲ್ಲ. ಪ್ರವೇಶ ಪರೀಕ್ಷೆಯ ಅರ್ಜಿಗೆ ಬೇಕಾದ ಜಾತಿ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ತಪ್ಪಾಗಿದೆ. ಸೋಮವಾರ ನಾಡಕಚೇರಿಗೆ ಹೋಗುತ್ತಿದ್ದಾರೆ.