ಕೇರಳದಲ್ಲಿದ್ದುಕೊಂಡು ಕನ್ನಡ ಶಾಲೆ ಯಾಕೆ?

ಕೇರಳದಲ್ಲಿದ್ದು ಮಗಳನ್ನು ಕನ್ನಡ ಶಾಲೆಗೆ ಕಳಿಸಿದರೆ ಮುಂದೆ ಅವಳಿಗೆ ಕೆಲಸ ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ನಮ್ಮ ನೆಂಟರೂ ಅದನ್ನೇ ಕೇಳುತ್ತಾರೆ, ಅದೂ ಊಟಕ್ಕೆ ಕೂತಾಗ.

ನಾವಿರುವುದು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರ್ಕಾರಿ ಕಚೇರಿಯಲ್ಲಿ ಮಲಯಾಳ. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ಮದ್ರಾಸಿನ ಕೈಕೆಳಗಿದ್ದ ದಕ್ಷಿಣ ಕನ್ನಡದ ಒಂದು ತಾಲ್ಲೂಕು. ಅವತ್ತಿನಿಂದ ಕೇರಳ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. ವರದಿ ವರದಿಯಾಗಿಯೇ ಉಳಿಯಿತು.

ಸರ್ಕಾರದ ನೀತಿ ಅಂದ ಕೂಡಲೇ ನಿಮಗೆ ಬಜೆಟ್ಟು, ಹೊಸ ಯೋಜನೆ ಇಂಥದ್ದು ನೆನಪಾಗಬಹುದು. ನಮಗೆ ನೆನಪಾಗುವುದು ಟೀಚರ ನೇಮಕ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಸೌಲಭ್ಯ ಇರಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. (ನಮ್ಮ ತಾಯ್ನುಡಿ ತುಳು ಅಲ್ವಾ ಅಂದರೆ, ಅದು ಬೇರೆಯೇ ಕತೆ.) ಕೇರಳ ಸರ್ಕಾರ ಕನ್ನಡದಲ್ಲೇ ಪಠ್ಯಪುಸ್ತಕ ಅಚ್ಚು ಹಾಕಿ ಕೊಡುತ್ತದೆ. ಅದನ್ನು ಒಪ್ಪಬೇಕು. ತೊಂದರೆ ಆಗುವುದು ಆ ಪುಸ್ತಕ ಹಿಡಿದು ಪಾಠ ಮಾಡಲು ಬಂದವರಿಗೆ ಕನ್ನಡ ಬಾರದಿದ್ದಾಗ.

ಮಗಳ ಶಾಲೆಯಲ್ಲಿ ಒಂದು ವರ್ಷ ಗಣಿತಕ್ಕೆ ಹಾಗೇ ಆಯಿತು. ಟೀಚರು ಒಳ್ಳೆಯವರು, ಗಣಿತವೂ ಚೆನ್ನಾಗಿ ಗೊತ್ತು. ಭಿನ್ನರಾಶಿ ಪಾಠ. ಅಂಶ, ಛೇದ ಅನ್ನುವುದು ಎರಡೂ ಭಾಷೆಯಲ್ಲಿ ಒಂದೇ, ಅಷ್ಟರ ಮಟ್ಟಿಗೆ ಬಚಾವ್. ಆದರೆ ಹಿಂದಿನ ಬೆಂಚಿನ ಮಗು 'ಛೇದ ದೊಡ್ಡದಾದರೆ ಭಾಗ ಯಾಕೆ ಚಿಕ್ಕದಾಗುತ್ತೆ?' ಅಂತ ಕೇಳಿದರೆ ಉತ್ತರ ಬೇರೆ ಭಾಷೆಯಲ್ಲಿ ಬರುತ್ತಿತ್ತು. ಸ್ವಲ್ಪ ದಿನದಲ್ಲಿ ಮಕ್ಕಳು ಕೇಳುವುದನ್ನೇ ಬಿಟ್ಟರು. ಬೋರ್ಡಿನಲ್ಲಿ ಇದ್ದದ್ದನ್ನು ಸುಮ್ನೆ ಬರೆದುಕೊಂಡು ಬರುತ್ತಿದ್ದರು. ಹೊಸತನ, ಸಂಶೋಧನೆ ಅಂತ ದೊಡ್ಡ ಮಾತು ಆಡುವವರು ಇಂಥ ಕ್ಲಾಸಿನಲ್ಲಿ ಒಂದು ದಿನ ಕೂತು ಹೋಗಬೇಕು ಅಂತ ನನಗೆ ಆಗಾಗ ಅನಿಸುತ್ತದೆ.

ಹಾಗಂತ ಮಲಯಾಳ ಕಲಿಯುವುದೇ ಬೇಡ ಅನ್ನುವವನು ನಾನಲ್ಲ. 2017ರಲ್ಲಿ ಕೇರಳ ಮಲಯಾಳ ಕಡ್ಡಾಯದ ಕಾನೂನು ತಂದಾಗ ಇಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ಪ್ರತಿಭಟಿಸಿದವರ ಭಯ ನನಗೂ ಅರ್ಥವಾಗುತ್ತದೆ. ಆದರೆ ಒಂದು ಭಾಷೆ ಕಲಿಯುವುದೇ ಬೇರೆ, ಆ ಭಾಷೆಯಲ್ಲಿ ಗಣಿತ ಕಲಿಯುವುದೇ ಬೇರೆ.

ಅಡಿಕೆಯ ವಿಷಯಕ್ಕೆ ಬಂದರೆ ಇದೇ ಗಡಿಯಲ್ಲಿ ಬೇರೆ ನಮೂನೆಯೇ ಕಾಣುತ್ತದೆ. 1916ರಲ್ಲಿ ಮದ್ರಾಸ್ ಸರ್ಕಾರ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರು ಮಾಡಿತು. 1970ರಲ್ಲಿ ಅದು ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಆಯಿತು. ನಾವೆಲ್ಲ ಹೇಳುವುದು ಸಿಪಿಸಿಆರ್‌ಐ ಅಂತಲೇ. ಅಡಿಕೆಗೆ ಅದರ ಕೇಂದ್ರ ಇರುವುದು ವಿಟ್ಲದಲ್ಲಿ, ಅಂದರೆ ಕರ್ನಾಟಕದಲ್ಲಿ. ಬೇಗ ಫಸಲಿಗೆ ಬರುವ 'ಮಂಗಳ' ತಳಿ ಬಂದದ್ದು ಅಲ್ಲಿಂದಲೇ. ಆ ಸಸಿ ನಮ್ಮ ತೋಟಕ್ಕೆ ಬರುವಾಗ ಯಾವ ರಾಜ್ಯದ್ದು ಅಂತ ಯಾರೂ ಕೇಳಲಿಲ್ಲ.

ಅಡಿಕೆ ಮಾರುವುದೂ ಹಾಗೇ. ಧಾರಣೆ ಬಿದ್ದು ಬೆಳೆಗಾರರು ಕಂಗಾಲಾಗಿದ್ದ ಕಾಲದಲ್ಲಿ, 1973ರಲ್ಲಿ, ಎರಡೂ ರಾಜ್ಯಗಳು ಸೇರಿ ಅಡಿಕೆ ಕೊಂಡು ಮಾರುವ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕಟ್ಟಿದವು. ವಾರಣಾಶಿ ಸುಬ್ರಾಯ ಭಟ್ಟರು ಅದರ ಮೊದಲ ಅಧ್ಯಕ್ಷರು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯೂ ಬಂತು. ಹಾಗಾಗಿ ಅಡಿಕೆಯ ನಡುವೆ ಹಾಕಿದ ಕೊಕ್ಕೊಗೂ ಕೊಳ್ಳುವವರು ಸಿಕ್ಕಿದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳ ಕಾಲೇಜು ಫೀಸು ಹೊರಟದ್ದು ಚಾಲಿ ಅಡಿಕೆಯ, ಅಂದರೆ ಒಣಗಿಸಿ ಸುಲಿದ ಅಡಿಕೆಯ, ದುಡ್ಡಿನಲ್ಲಿ.

ಅಡಿಕೆಗೋಸ್ಕರ ಎರಡು ಸರ್ಕಾರಗಳು ಒಂದೇ ಚಾಪೆಯಲ್ಲಿ ಕೂತವು. ಕನ್ನಡ ಬಲ್ಲ ಗಣಿತದ ಟೀಚರಿಗೋಸ್ಕರ ಯಾಕೆ ಕೂರುವುದಿಲ್ಲ ಅನ್ನುವುದು ನನ್ನ ಪ್ರಶ್ನೆ.

ಕರ್ನಾಟಕ ಏನೂ ಮಾಡಿಲ್ಲ ಅಂತಲ್ಲ. ಅಲ್ಲಿನ ವೃತ್ತಿಪರ ಕೋರ್ಸುಗಳ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶ ಇದೆ. ಕೇರಳದ ಮಂಜೇಶ್ವರ, ಕಾಸರಗೋಡು, ಹೊಸದುರ್ಗ ತಾಲ್ಲೂಕುಗಳಲ್ಲಿ ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ 7 ವರ್ಷ ಓದಿರಬೇಕು, ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಕನ್ನಡ ಪರೀಕ್ಷೆಯನ್ನೂ ಪಾಸಾಗಬೇಕು. ಇದು ಗೊತ್ತಿಲ್ಲದೆ ಸೀಟು ಕಳೆದುಕೊಂಡವರೂ ನಮ್ಮಲ್ಲಿದ್ದಾರೆ.

ಮಗಳು ಈ ವರ್ಷ ಏಳನೇ ತರಗತಿ ಮುಗಿಸಿದಳು. ಅಲ್ಲಿಗೆ ಏಳು ವರ್ಷದ ಲೆಕ್ಕ ಭರ್ತಿ. ಇತ್ತ ಕೇರಳದ ಪಿಎಸ್‌ಸಿ, ಅಂದರೆ ಸರ್ಕಾರಿ ಕೆಲಸದ ಬಾಗಿಲೂ ಮುಚ್ಚಬಾರದಲ್ಲ? ಅದಕ್ಕೆ ಸಂಜೆ ಪಕ್ಕದ ಮನೆಯ ಚೇಚಿಯ (ಮಲಯಾಳದಲ್ಲಿ ಅಕ್ಕ) ಹತ್ತಿರ ಮಲಯಾಳ ಓದಲು, ಬರೆಯಲು ಕಲಿಯುತ್ತಿದ್ದಾಳೆ. ಚೇಚಿ ಬೈಯುವುದು ಮಾತ್ರ ತುಳುವಿನಲ್ಲಿ.